ಕಾರ್ಬನ್ ಫೈಬರ್ ಬಂದ ಮೇಲೂ ಸ್ಪೋರ್ಟ್ಸ್ ಕಾರುಗಳ ತೂಕ ಏರುತ್ತಲೇ ಇರುವುದೇಕೆ?

ಉಕ್ಕಿಗಿಂತ ಹಗುರವಾದ ಅಲ್ಯೂಮಿನಿಯಂ ಬಂತು, ಕಾರ್ಬನ್ ಫೈಬರ್ ಬಂತು, ಆದರೂ ಹಳೆ ಸ್ಪೋರ್ಟ್ಸ್ ಕಾರಿಗಿಂತ ಹೊಸದು ಯಾಕೆ ಭಾರ ಅಂತ ಕೇಳಿದ್ದೀರಿ. ಹೆಚ್ಚಿನವರು "ಸೇಫ್ಟಿ ನಿಯಮಗಳು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಬೆಂಗಳೂರಿನಲ್ಲಿ ಕೂತು ಕಾರುಗಳ ಕ್ರ್ಯಾಶ್ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಕಾರು ಗುದ್ದಿಸಿ ನೋಡುವುದು) ಮಾಡುವವರಲ್ಲಿ ನಾನೂ ಒಬ್ಬ, ಅಂದರೆ ಆ ನಿಯಮಗಳೇ ನನ್ನ ಅನ್ನ. ಆದರೂ ಹೇಳುತ್ತೇನೆ, ಅದು ಅರ್ಧ ಉತ್ತರ ಮಾತ್ರ.

ಮೊದಲು ಸ್ವಲ್ಪ ಲೆಕ್ಕ. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ತೂಗುತ್ತಿದ್ದದ್ದು 960 ಕೆಜಿ. 2019ರಲ್ಲಿ ಬಂದ ಅದೇ 911ರ 992 ಪೀಳಿಗೆಯ ಸಾದಾ ಕರೆರಾ 1,505 ಕೆಜಿ. ಎಂಜಿನ್ ಅದೇ ಹಿಂದೆ, ಅದೇ ಆರು ಸಿಲಿಂಡರ್, ದೂರದಿಂದ ನೋಡಿದರೆ ಆಕಾರವೂ ಅದೇ. ಆರ್‌ಎಸ್ ಬೇಕಂತಲೇ ಹಗುರ ಮಾಡಿದ ಕಾರು, ಹೋಲಿಕೆ ಸರಿಯಲ್ಲ ಅಂತ ನೀವು ತಕರಾರು ತೆಗೆಯಬಹುದು. ಸರಿ, ಅದೇ ಕಾರಿನ ಟೂರಿಂಗ್ ಆವೃತ್ತಿಯನ್ನು ತಗೊಳ್ಳಿ. ಅದೂ 1,075 ಕೆಜಿ ಅಷ್ಟೇ.

ಆ ನಾನೂರು ಚಿಲ್ಲರೆ ಕೆಜಿ ಎಲ್ಲಿಂದ ಬಂತು ಅಂತ ತಿಳಿಯಲು ಬಾಗಿಲು ಒಂದನ್ನೇ ನೋಡಿದರೂ ಸಾಕು. ಹಗುರದ ಆರ್‌ಎಸ್‌ನ ಬಾಗಿಲಲ್ಲಿ ಇದ್ದದ್ದು ತೆಳು ತಗಡು, ತೆಳು ಗಾಜು, ಒಳಗಿನಿಂದ ಎಳೆದುಕೊಳ್ಳಲು ಒಂದು ಪಟ್ಟಿ. ಗಾಜು ಇಳಿಸಲು ಕೈಯಲ್ಲಿ ತಿರುಗಿಸಬೇಕು. ಈಗಿನ ಕಾರಿನ ಬಾಗಿಲಿನ ಒಳಹೊದಿಕೆ ಬಿಚ್ಚಿ ನೋಡಿ. ಪಕ್ಕದಿಂದ ಗುದ್ದಿದರೆ ತಡೆಯಲು ಅಡ್ಡಕ್ಕೆ ಒಂದು ಉಕ್ಕಿನ ತೊಲೆ, ಗಾಜಿಗೆ ಮೋಟಾರು, ಲಾಕಿಗೆ ಇನ್ನೊಂದು ಮೋಟಾರು, ಸ್ಪೀಕರ್, ಡಿಕ್ಕಿಯಾಗಿದ್ದನ್ನು ಏರ್‌ಬ್ಯಾಗಿಗೆ ತಿಳಿಸುವ ಸೆನ್ಸರ್, ಇವಕ್ಕೆಲ್ಲ ಕೈಬೆರಳು ದಪ್ಪದ ವೈರಿನ ಕಟ್ಟು, ಸದ್ದು ತಡೆಯುವ ಹಾಳೆ, ಸುತ್ತ ಎರಡು ಸಾಲು ರಬ್ಬರ್. ಇಷ್ಟರಲ್ಲಿ ಜೀವ ಉಳಿಸುವುದು ತೊಲೆ ಮತ್ತು ಸೆನ್ಸರ್. ಮಿಕ್ಕಿದ್ದೆಲ್ಲ ನಮ್ಮ ಸುಖಕ್ಕೆ.

ಇನ್ನೊಂದು ವಿಷಯ. ಸೇಫ್ಟಿಗೆ ಹಾಕುವ ಉಕ್ಕು ಜನ ಅಂದುಕೊಂಡಷ್ಟು ಭಾರ ಅಲ್ಲ. ಬಾಗಿಲ ಹಿಂದಿನ ಕಂಬ, ಅಂದರೆ ಬಿ-ಪಿಲ್ಲರ್, ಈಗ ಬೋರಾನ್ ಸೇರಿಸಿದ ಉಕ್ಕಿನದು. ತಗಡನ್ನು ಸುಮಾರು 900 ಡಿಗ್ರಿವರೆಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಣಿಸುತ್ತಾರೆ. ಅದರ ಗಟ್ಟಿತನ 1,500 ಮೆಗಾಪಾಸ್ಕಲ್ ಮುಟ್ಟುತ್ತದೆ. ಹಾಗಾಗಿ ತಗಡು ತೆಳ್ಳಗಿದ್ದರೂ ನಡೆಯುತ್ತದೆ. ಸಿಮ್ಯುಲೇಷನ್‌ನಲ್ಲಿ ಇದನ್ನು ನೋಡುವುದೇ ಒಂದು ಖುಷಿ. ಹೊರಗಿನ ತಗಡು ಕಾಗದದ ಹಾಗೆ ಮುದುಡುತ್ತದೆ, ಕಂಬ ಮಾತ್ರ ಒಂಚೂರು ಬಾಗಿ ನಿಂತುಬಿಡುತ್ತದೆ.

ಸೇಫ್ಟಿಯೊಂದೇ ಕಾರಣ ಅನ್ನುವವರ ಮುಂದೆ ನಾನು ಇಡುವುದು ಮಾಜ್ದಾ ಎಂಎಕ್ಸ್-5 ಕಾರನ್ನು. 1989ರಲ್ಲಿ ಜಪಾನಿನಲ್ಲಿ ಬಂದ ಮೊದಲನೆಯದು 940 ಕೆಜಿಯಿಂದ ಶುರು. 2015ರ ನಾಲ್ಕನೆಯ ಪೀಳಿಗೆ ಅಲ್ಲಿ 990 ಕೆಜಿಯಿಂದ ಶುರು. 26 ವರ್ಷಕ್ಕೆ ಐವತ್ತೇ ಕೆಜಿ! ಇದರಲ್ಲಿ ಏರ್‌ಬ್ಯಾಗ್, ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಇದೆ. ಹೇಗೆ ಸಾಧ್ಯವಾಯಿತು? ಉದ್ದದಲ್ಲಿ ಹೊಸದು ಹಳೆಯದಕ್ಕಿಂತ ಗಿಡ್ಡ. ಬಾನೆಟ್, ಡಿಕ್ಕಿ ಮುಚ್ಚಳ, ಮುಂದಿನ ಫೆಂಡರ್ ಅಲ್ಯೂಮಿನಿಯಂ. ಹಿಂದಿನ ಪೀಳಿಗೆಯಲ್ಲಿ ಚಕ್ರಕ್ಕೆ ಐದು ನಟ್ ಇದ್ದವು, ಇದರಲ್ಲಿ ನಾಲ್ಕಕ್ಕೆ ಇಳಿಸಿದರು. ಜಪಾನಿನ ಆ ಕಾರಿನ ಎಂಜಿನ್ 1.5 ಲೀಟರ್, 131 ಕುದುರೆ ಶಕ್ತಿ. ಗುಟ್ಟು ಇರುವುದು ಇಲ್ಲೇ. ಶಕ್ತಿಯ ಆಸೆ ಬಿಟ್ಟರು, ತೂಕ ತಾನಾಗಿ ಹಿಡಿತಕ್ಕೆ ಬಂತು.

ಯಾಕೆಂದರೆ ತೂಕ ತೂಕವನ್ನೇ ಹೆರುತ್ತದೆ. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ ಅಂತ ಸನ್ಯಾಸಿ ಸಂಸಾರಿಯಾದ ಕತೆ ಗೊತ್ತಲ್ವಾ, ಥೇಟ್ ಅದೇ. ಶಕ್ತಿ ಹೆಚ್ಚಿಸಿದರೆ ಬ್ರೇಕ್ ದೊಡ್ಡದಾಗಬೇಕು. ದೊಡ್ಡ ಡಿಸ್ಕ್ ಹಿಡಿಸಲು ದೊಡ್ಡ ರಿಮ್ ಬೇಕು. ಅದಕ್ಕೆ ಅಗಲದ ಟೈರ್, ಅದನ್ನು ಹೊರಲು ಗಟ್ಟಿ ಸಸ್ಪೆನ್ಷನ್, ಅದನ್ನು ಕೂರಿಸಲು ಗಟ್ಟಿ ಬಾಡಿ. ಕಾರು ಭಾರವಾಯಿತು, ಇನ್ನಷ್ಟು ಶಕ್ತಿ ಬೇಕು ಅಂತ ಮತ್ತೆ ಮೊದಲಿಂದ. ಗಿಯರ್‌ಬಾಕ್ಸ್ ಒಂದನ್ನೇ ನೋಡಿ: ಪೋರ್ಷೆಯ 992 ಜಿಟಿ3 ಮ್ಯಾನ್ಯುವಲ್ ಆದರೆ 1,418 ಕೆಜಿ, ಪಿಡಿಕೆ (ಪೋರ್ಷೆಯ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್) ಆದರೆ 1,435. ಕ್ಲಚ್ ತುಳಿಯುವ ಕೆಲಸ ತಪ್ಪಿಸಲು 17 ಕೆಜಿ.

ಈ ಸಂಸಾರ ಎಲ್ಲಿಗೆ ಮುಟ್ಟಿದೆ ಅಂತ ನೋಡಬೇಕಾದರೆ ಬಿಎಂಡಬ್ಲ್ಯು ಎಂ5 ನೋಡಿ. ಎಂಬತ್ತರ ದಶಕದ ಮೊದಲ ಎಂ5 ಸುಮಾರು 1,430 ಕೆಜಿ. 2024ರ ಎಂ5 ಪ್ಲಗ್-ಇನ್ ಹೈಬ್ರಿಡ್, ಅಂದರೆ ಎಂಜಿನ್ ಜೊತೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು, 2,435 ಕೆಜಿ. ಹಳೆ ಎಂ5 ಮೇಲೆ ಒಂದು ಎಂಎಕ್ಸ್-5 ಹೇರಿದರೆ ಎಷ್ಟೋ ಅಷ್ಟು. ತಮಾಷೆ ಏನು ಗೊತ್ತಾ? ಹಿಂದಿನ ಎಂ5 ಕಾಂಪಿಟಿಷನ್ 625 ಕುದುರೆ ಶಕ್ತಿಯಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟಲು 3.3 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹೊಸದಕ್ಕೆ 727 ಕುದುರೆ ಶಕ್ತಿ ಇದ್ದೂ 3.5 ಸೆಕೆಂಡ್ ಬೇಕು. ಮತ್ಯಾಕೆ ಬ್ಯಾಟರಿ ಹಾಕಿದರು? ಯುರೋಪಿನಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಮಿತಿ ಇದೆ, ಮೀರಿದರೆ ದಂಡ. ಪ್ಲಗ್-ಇನ್ ಆದರೆ ಕಾಗದದ ಮೇಲೆ ಹೊಗೆ ಕಮ್ಮಿ. ಇಲ್ಲಿ ಭಾರ ಹೊರಿಸಿದ್ದು ಹೊಗೆಯ ನಿಯಮವೇ ಹೊರತು ಕ್ರ್ಯಾಶ್ ನಿಯಮ ಅಲ್ಲ.

ಕಾರ್ಬನ್ ಫೈಬರ್ ಉಳಿಸಿದ್ದೂ ಹೀಗೇ ಖರ್ಚಾಗುತ್ತದೆ. ಮೆಕ್ಲಾರೆನ್ ಆರ್ಟುರಾ ಕಾರಿಗೆ ಕಾರ್ಬನ್ ಚಾಸಿಯೇ ಇದೆ. ಆದರೆ ಹೈಬ್ರಿಡ್ ಸಾಮಾನೇ 130 ಕೆಜಿ, ಒಟ್ಟು 1,498. ಅದೇ ಕಂಪನಿಯ ತೊಂಬತ್ತರ ದಶಕದ ಎಫ್1 ಅನ್ನುವ ರಸ್ತೆ ಕಾರು ಹನ್ನೆರಡು ಸಿಲಿಂಡರ್ ಹೊತ್ತೂ 1,138 ಕೆಜಿ ಇತ್ತು.

ಹಾಗಾದರೆ ಕಂಪನಿಗಳಿಗೆ ಚಿಂತೆ ಇಲ್ವಾ? ಹೆಚ್ಚೇನಿಲ್ಲ. ತೂಕ ಏರಿದ್ದಕ್ಕೆ ಗಡಿಯಾರ ಅವರನ್ನು ಶಿಕ್ಷಿಸುತ್ತಿಲ್ಲ. 2024ರ 911 ಜಿಟಿಎಸ್ ಹೈಬ್ರಿಡ್ ಹಿಂದಿನದಕ್ಕಿಂತ 50 ಕೆಜಿ ಭಾರ, ಆದರೂ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ 8.7 ಸೆಕೆಂಡ್ ಬೇಗ ಸುತ್ತು ಮುಗಿಸಿತು. ಟೈರು, ಬೀಸುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ವಿನ್ಯಾಸ, ಎಲೆಕ್ಟ್ರಾನಿಕ್ಸ್ ಎಲ್ಲ ಅಷ್ಟು ಮುಂದುವರಿದಿವೆ. ಕಾರು ಕೊಳ್ಳುವವರು ನೋಡುವುದೂ ಕುದುರೆ ಶಕ್ತಿ ಮತ್ತು ನೂರರ ಸಮಯ. ತಿರುವಿನಲ್ಲಿ ಸ್ಟಿಯರಿಂಗ್ ಕೈಗೆ ಏನು ಹೇಳುತ್ತದೆ ಅನ್ನುವುದಕ್ಕೆ ಬ್ರೋಷರಿನಲ್ಲಿ ಕಾಲಂ ಇಲ್ಲ. ನನ್ನ ಮಟ್ಟಿಗೆ ನಷ್ಟ ಆಗಿರುವುದು ಅಲ್ಲೇ.

ಪೂರ್ತಿ ಎಲೆಕ್ಟ್ರಿಕ್ ಆದರೆ ಇದು ಇನ್ನೂ ಜಾಸ್ತಿ. ಲೋಟಸ್ ಎಲಿಸ್ ಚಾಸಿಯನ್ನು ಆಧರಿಸಿ ಮಾಡಿದ 2008ರ ಟೆಸ್ಲಾ ರೋಡ್‌ಸ್ಟರ್‌ನಲ್ಲಿ ಬ್ಯಾಟರಿಯೊಂದೇ ಸುಮಾರು 450 ಕೆಜಿ. 1996ರ ಮೊದಲ ಎಲಿಸ್ ಇಡೀ ಕಾರೇ 725 ಕೆಜಿ ಅಂತ ಲೋಟಸ್ ಹೇಳಿಕೊಂಡಿತ್ತು.

ನೀವೇ ಹೋಲಿಸಲು ಕೂತರೆ ಒಂದು ಎಚ್ಚರ. ಕಂಪನಿಗಳು ತೂಕವನ್ನು ಮೂರು ನಮೂನೆಯಲ್ಲಿ ಬರೆಯುತ್ತವೆ. ಡಿಐಎನ್ ಅನ್ನುವ ಜರ್ಮನ್ ಮಾನದಂಡದ ಲೆಕ್ಕದಲ್ಲಿ ಡ್ರೈವರ್ ಇಲ್ಲ, ಯುರೋಪಿಯನ್ ಲೆಕ್ಕದಲ್ಲಿ ಡ್ರೈವರಿಗೆ 75 ಕೆಜಿ ಸೇರಿಸುತ್ತಾರೆ. ಹೊಸ ಎಂ5 ಒಂದು ಕಡೆ 2,435, ಇನ್ನೊಂದು ಕಡೆ 2,510 ಅಂತ ಕಾಣುವುದು ಅದಕ್ಕೇ. ಇಟಲಿಯ ಕಂಪನಿಗಳು ಇಷ್ಟಪಡುವ "ಡ್ರೈ ವೇಟ್"ನಲ್ಲಂತೂ ಎಣ್ಣೆ, ನೀರು, ಪೆಟ್ರೋಲ್ ಯಾವುದೂ ಲೆಕ್ಕಕ್ಕಿಲ್ಲ. ಹಾಗೆ ಕಾರು ಓಡುವುದೇ ಇಲ್ಲ, ಸುಮ್ನೆ ಆ ಅಂಕಿ ನಂಬಬೇಡಿ.