ಬದಲಿಸಿದ ಹ್ಯಾಷ್, ಮೆಮೊರಿಯ ಲೆಕ್ಕ

ಪ್ರಶ್ನೆ: ನಮ್ಮ ಅಡಿಕೆ ಸಹಕಾರ ಸಂಘದ ತಂತ್ರಾಂಶವು ಸ್ಕ್ರಿಪ್ಟ್ (scrypt) ವಿಧಾನವನ್ನು ತುಸು ಬದಲಿಸಿ ಪಾಸ್‌ವರ್ಡ್‌ಗಳನ್ನು ಹ್ಯಾಷ್ (ಮರಳಿ ಬಿಡಿಸಲಾಗದ ಸಂಕೇತ) ಮಾಡಿಡುತ್ತದೆ. ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಪಡೆದು ಸಿಬ್ಬಂದಿಯ ದುರ್ಬಲ ಪಾಸ್‌ವರ್ಡ್‌ಗಳನ್ನು ಪತ್ತೆಹಚ್ಚಬೇಕಾಗಿದೆ. ಪಾಸ್‌ವರ್ಡ್‌ಗಳನ್ನು ಊಹಿಸಿ ಪರೀಕ್ಷಿಸುವ ಹ್ಯಾಷ್‌ಕ್ಯಾಟ್ ತಂತ್ರಾಂಶಕ್ಕೆ ಈ ವಿಧಾನವನ್ನು ಸೇರಿಸುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಲಿಖಿತ ಒಪ್ಪಿಗೆ ಪಡೆದಿರುವುದು ಸರಿಯಾದ ಕ್ರಮ. ಹ್ಯಾಷ್‌ಕ್ಯಾಟ್‌ಗೆ ನೀವು ಎರಡು ಭಾಗಗಳನ್ನು ಬರೆಯಬೇಕಾಗುತ್ತದೆ: ಹ್ಯಾಷ್‌ನ ಸಾಲನ್ನು ಓದಿ ಸಾಲ್ಟ್ (ಪಾಸ್‌ವರ್ಡಿಗೆ ಬೆರೆಸುವ ಯಾದೃಚ್ಛಿಕ ಮೌಲ್ಯ) ಮತ್ತು ನಿಯತಾಂಕಗಳನ್ನು ಬೇರ್ಪಡಿಸುವ ಸಿ ಭಾಷೆಯ ಮಾಡ್ಯೂಲ್ ಒಂದು, ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಓಪನ್‌ಸಿಎಲ್ ಕರ್ನಲ್ (ಊಹೆಗಳ ಹ್ಯಾಷ್ ಲೆಕ್ಕ ಹಾಕುವ ಕಿರುಪ್ರೋಗ್ರಾಂ) ಇನ್ನೊಂದು. ನಿಜವಾದ ತೊಡಕಿರುವುದು ಮೆಮೊರಿಯಲ್ಲಿ. 2009ರಲ್ಲಿ ಕಾಲಿನ್ ಪರ್ಸಿವಲ್ ರೂಪಿಸಿದ ಸ್ಕ್ರಿಪ್ಟ್‌ನಲ್ಲಿ ಒಂದು ಊಹೆಗೆ 128 × ಎನ್ × ಆರ್ ಬೈಟ್‌ಗಳು ಬೇಕು (ಎನ್, ಆರ್ ಎಂಬುವು ಮೆಮೊರಿ ಬಳಕೆಯನ್ನು ನಿರ್ಧರಿಸುವ ನಿಯತಾಂಕಗಳು); ಎನ್ 16,384 ಮತ್ತು ಆರ್ 8 ಆಗಿದ್ದರೆ ಅದು 16 ಎಂಬಿ ಆಗುವುದರಿಂದ, 8 ಜಿಬಿ ಕಾರ್ಡು ಏಕಕಾಲಕ್ಕೆ ಹೆಚ್ಚೆಂದರೆ 512 ಊಹೆಗಳನ್ನು ಹಿಡಿದೀತು. ಮೆಮೊರಿಯಲ್ಲಿಡುವ ಮಧ್ಯಂತರ ಮೌಲ್ಯಗಳಲ್ಲಿ ಅರ್ಧದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಬೇಕಾದಾಗ ಮರಳಿ ಲೆಕ್ಕ ಹಾಕುವ ಉಪಾಯವಿದೆಯಾದರೂ ಅದರಿಂದ ಗಣನೆ ಹೆಚ್ಚುತ್ತದೆ.

ಸಿಬ್ಬಂದಿ ಕೆಲವೇ ಮಂದಿಯಿದ್ದರೆ, ನನ್ನ ಮಟ್ಟಿಗೆ ಕರ್ನಲ್ ಬರೆಯುವ ಶ್ರಮವೇ ಬೇಡ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಜಾನ್ ದ ರಿಪ್ಪರ್‌ನಲ್ಲಿ ಸಿಪಿಯು ಮೇಲೆ ಓಡುವ ಫಾರ್ಮ್ಯಾಟ್ (ಹ್ಯಾಷ್ ವಿಧಾನವನ್ನು ಅದಕ್ಕೆ ತಿಳಿಸುವ ಕೋಡ್) ಒಂದನ್ನು ಬರೆದು, ಊರಿನ ಹೆಸರು, ಜನ್ಮವರ್ಷಗಳಿರುವ ಚಿಕ್ಕ ಪದಪಟ್ಟಿಯನ್ನು ಕೊಟ್ಟರೆ ಸಾಕು. ಅದಕ್ಕೂ ಮೊದಲು ಪರೀಕ್ಷಾ ಖಾತೆಯೊಂದನ್ನು ತೆರೆದು, ಗೊತ್ತಿರುವ ಪಾಸ್‌ವರ್ಡಿನ ಹ್ಯಾಷನ್ನು ಫಾರ್ಮ್ಯಾಟಿನ ಸ್ವಯಂಪರೀಕ್ಷೆಯಲ್ಲಿ ಸೇರಿಸಿರಿ.