ಶಿಲೀಂಧ್ರ ವಿಜ್ಞಾನಿಗಳು ಅಂದರೆ ಅಣಬೆ ಹುಡುಕುವವರಾ? ನಿಜವಾಗಿ ಏನು ಕೆಲಸ ಮಾಡುತ್ತಾರೆ?

ಅಣಬೆ ಹೆಕ್ಕಿ ಹೆಸರಿಡುವುದಷ್ಟೇ ಅಲ್ಲ. ಕಣ್ಣಿಗೆ ಕಾಣುವ ಅಣಬೆ ಒಂದು ಸಣ್ಣ ಭಾಗ ಮಾತ್ರ, ಅಸಲಿ ದೇಹ ಮಣ್ಣಿನಲ್ಲೋ ಮರದೊಳಗೋ ನೂಲಿನಂತೆ ಹರಡಿರುತ್ತದೆ, ಹಾಗಾಗಿ ಮಾದರಿಯನ್ನು ಲ್ಯಾಬಿಗೆ ತಂದು ಬೆಳೆಸಬೇಕು, ಬೀಜಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಡಿಎನ್‌ಎ ಓದಬೇಕು. ನೋಡೋಕೆ ಒಂದೇ ಥರ ಇರುವ ಅಣಬೆಗಳು ಬೇರೆ ಬೇರೆ ಜಾತಿ ಅಂತ ಎಷ್ಟೋ ಸಲ ಡಿಎನ್‌ಎಯಿಂದಲೇ ಗೊತ್ತಾಗುವುದು. ಇದುವರೆಗೆ ಹೆಸರು ಸಿಕ್ಕಿರುವುದು ಸುಮಾರು 1.5 ಲಕ್ಷ ಶಿಲೀಂಧ್ರ ಜಾತಿಗಳಿಗೆ. ಇರುವುದು 20 ಲಕ್ಷಕ್ಕೂ ಜಾಸ್ತಿ ಅಂತ ಅಂದಾಜು!

ಕೆಲವರು ಔಷಧಿ ಹುಡುಕುತ್ತಾರೆ, ಕೆಲವರು ಬೆಳೆರೋಗ ನೋಡುತ್ತಾರೆ. ನನಗೆ ತುಂಬಾ ಮುಖ್ಯ ಅನಿಸುವುದು ರೋಗದ ಮೂಲ ಹಿಡಿಯುವ ಕೆಲಸ. ಹಲವು ದೇಶಗಳಲ್ಲಿ ಕಪ್ಪೆಗಳು ಗುಂಪುಗುಂಪಾಗಿ ಸಾಯುತ್ತಿದ್ದವು, ಅದಕ್ಕೆ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಕಾರಣ ಅಂತ 1998ರಲ್ಲಿ ತೋರಿಸಿದರು, ಮರುವರ್ಷ ಆ ಜಾತಿಗೆ ಹೆಸರನ್ನೂ ಕೊಟ್ಟರು.