ಮಗಳನ್ನು ತಡೆಯುತ್ತಿರುವುದು ನನ್ನ ಪ್ರೀತಿಯೋ, ಹಟವೋ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಭಾಪಾಲಕರೊಬ್ಬರ ಉತ್ತರ

ಪ್ರಶ್ನೆ: ಅಯ್ಯನವರೇ, ನಾನು ತುಮಕೂರಿನವಳು, ಶಾಲೆಯೊಂದರಲ್ಲಿ ಗುಮಾಸ್ತೆ. ಪತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಬ್ಬಳೇ ಮಗಳು, ಈ ವರ್ಷ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಅವಳನ್ನು ಜರ್ಮನಿಗೆ ಕಳುಹಿಸಬೇಕೆಂದು ಎರಡು ವರ್ಷದಿಂದ ಪೈಸೆ ಪೈಸೆ ಲೆಕ್ಕ ಹಾಕಿದ್ದೇನೆ. ಭಾಷೆಯ ತರಗತಿಗೆ ಹಣವನ್ನೂ ಕಟ್ಟಿಯಾಗಿದೆ. ಈಗ ಅವಳು ಹಳ್ಳಿಗಾಡಿನ ಮಿಷನ್ ಆಸ್ಪತ್ರೆಯೊಂದಕ್ಕೆ ಹೋಗುತ್ತೇನೆ, ದೇವರು ಕರೆಯುತ್ತಿದ್ದಾರೆ ಎನ್ನುತ್ತಾಳೆ. ಅಲ್ಲಿನ ಸಂಬಳ ಕೇಳಿ ಎದೆ ಧಸಕ್ಕೆಂದಿತು. ಶಿಕ್ಷಣ ಸಾಲ ಇನ್ನೂ ತೀರಿಲ್ಲ. ಹೊಸ ವರ್ಷದ ಒಡಂಬಡಿಕೆಯ ಆರಾಧನೆಯಲ್ಲಿ ‘ಇನ್ನು ನಾನು ನನ್ನವಳಲ್ಲ, ನಿನ್ನವಳು’ ಎಂದು ಎಲ್ಲರೊಂದಿಗೆ ಹೇಳುವಾಗ ಈ ಸಲ ಬಾಯಿ ಕಟ್ಟಿತು. ನನ್ನ ವಿಶ್ವಾಸ ಇಷ್ಟೇ ಏನು?

ಉತ್ತರ: ಸಹೋದರಿ, ಬಾಯಿ ಕಟ್ಟಿತು ಎಂದಿರಲ್ಲ, ಅದನ್ನು ಓದಿ ನನಗೆ ನಿಮ್ಮ ಮೇಲೆ ಗೌರವವೇ ಹೆಚ್ಚಿತು. ಆ ಪ್ರಾರ್ಥನೆಯನ್ನು ಎಷ್ಟೋ ವರ್ಷ ಸಭೆಯ ಮುಂದೆ ನಿಂತು ನಡೆಸಿದ್ದೇನೆ. ಹೆಚ್ಚಿನವರು ಗಡಗಡ ಓದಿ ಮುಗಿಸಿ, ಹೊರಗಿಟ್ಟ ಚಪ್ಪಲಿಯ ಯೋಚನೆಗೆ ಬೀಳುತ್ತಾರೆ. ಓದುವಾಗ ತಡವರಿಸುವವರು ಅದರ ಅರ್ಥವನ್ನು ಕೇಳಿಸಿಕೊಂಡವರು.

ಮೆಥೋಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ತನ್ನವರನ್ನೆಲ್ಲ ಸೇರಿಸಿ ಇಂಥ ಆರಾಧನೆಯನ್ನು ಮೊದಲು ನಡೆಸಿದ. ವೆಸ್ಲಿಯನ್ ಮಿಷನರಿಗಳು ನಿಮ್ಮ ಗುಬ್ಬಿ, ತುಮಕೂರಿನ ಕಡೆಗೆ ಬಂದಾಗ ಆ ಪದ್ಧತಿಯೂ ಜೊತೆಗೆ ಬಂತು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡ ಮೇಲೂ ಉಳಿಯಿತು. ನನ್ನನ್ನು ದುಡಿಮೆಗೆ ಹಚ್ಚು ಇಲ್ಲವೇ ಸಂಕಟಕ್ಕೆ ಒಡ್ಡು, ಕೆಲಸ ಕೊಡು ಇಲ್ಲವೇ ಬದಿಗೆ ಸರಿಸು, ತುಂಬಿಸು ಇಲ್ಲವೇ ಬರಿದುಮಾಡು ಎಂದು ಬೇಡುವ ಪ್ರಾರ್ಥನೆ ಅದು. ಇನ್ನೊಮ್ಮೆ ಓದಿ ನೋಡಿ. ಉದ್ದಕ್ಕೂ ಬರುವುದು ‘ನನ್ನನ್ನು’ ಎಂಬ ಮಾತು. ಮಗಳ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಅವಳನ್ನು ದೇವರಿಗೆ ಒಪ್ಪಿಸುವ ಅಥವಾ ಒಪ್ಪಿಸದಿರುವ ಅಧಿಕಾರ ನಿಮಗೆ ಇದೆ ಎಂದುಕೊಂಡದ್ದರಿಂದಲೇ ಗಂಟಲು ಹಿಡಿದಿದೆ. ಇಪ್ಪತ್ತು ದಾಟಿದ ಹೆಣ್ಣುಮಗಳು ತನ್ನನ್ನು ತಾನೇ ಒಪ್ಪಿಸಿಕೊಳ್ಳಬೇಕು. ನಿಮ್ಮಿಂದ ಕೇಳುತ್ತಿರುವುದು ಆ ಲೆಕ್ಕದ ಪುಸ್ತಕವನ್ನು ಮಾತ್ರ.

ಬೈಬಲಿನ ಹನ್ನಳ ಕಥೆ ನಿಮಗೆ ಗೊತ್ತು. ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಮೊಲೆ ಬಿಡಿಸಿದ ಮೇಲೆ ಶೀಲೋವಿನ ದೇವರ ಮಂದಿರದಲ್ಲಿ ಸೇವೆಗೆಂದು ಬಿಟ್ಟುಬಂದಳು. ಪ್ರಸಂಗ ಮಾಡುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಮುಂದಿನ ಅಧ್ಯಾಯದ ಒಂದು ಸಣ್ಣ ವಾಕ್ಯ: ಆಕೆ ಪ್ರತಿ ವರ್ಷ ಅವನಿಗೆ ಒಂದು ಚಿಕ್ಕ ನಿಲುವಂಗಿ ಹೊಲಿದು ಕೊಂಡೊಯ್ಯುತ್ತಿದ್ದಳು. ಯೋಚಿಸಿ, ವರ್ಷಕ್ಕೊಮ್ಮೆ ಕಾಣುವ ಮಗು. ಅಳತೆ ತೆಗೆಯಲು ಎದುರಿಗಿಲ್ಲ. ಇಷ್ಟು ಬೆಳೆದಿರಬಹುದು, ತೋಳು ಇಷ್ಟಾಗಿರಬಹುದು ಎಂದು ನೆರೆಮನೆಯ ಹುಡುಗರನ್ನು ನೋಡಿಯೇ ಬಟ್ಟೆ ಕತ್ತರಿಸಿದ್ದಾಳು. ಒಂದು ವರ್ಷ ಬಿಗಿಯಾಗಿರಬಹುದು, ಇನ್ನೊಂದು ವರ್ಷ ಜೋಲುತ್ತಿರಬಹುದು. ಮಗನ ಬದುಕಿನ ಅಳತೆ ತನ್ನ ಕೈಯಲ್ಲಿಲ್ಲ ಎಂದು ಗೊತ್ತಿದ್ದೂ ಆಕೆ ಸೂಜಿ ಕೆಳಗಿಡಲಿಲ್ಲ. ನಿಮಗೂ ಅಂಥ ಕೆಲಸ ಬೇಕಾದಷ್ಟಿದೆ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಹನ್ನಳು ಮಗನನ್ನು ಬಿಟ್ಟುಬಂದ ಶೀಲೋ ಅಂಥ ಒಳ್ಳೆಯ ಸ್ಥಳವೇನೂ ಆಗಿರಲಿಲ್ಲ. ಅಲ್ಲಿನ ಯಾಜಕ ಏಲಿಯ ಮಕ್ಕಳು ಜನರು ತಂದ ಯಜ್ಞದ ಮಾಂಸಕ್ಕೇ ಕೈಹಾಕುವ ದುಷ್ಟರು ಎಂದು ಅದೇ ಗ್ರಂಥ ಹೇಳುತ್ತದೆ. ಬಾಗಿಲ ಮೇಲೆ ಶಿಲುಬೆ ಇದೆ ಎಂದ ಮಾತ್ರಕ್ಕೆ ಒಳಗಿನ ವ್ಯವಹಾರವೆಲ್ಲ ಶುದ್ಧ ಎಂದು ನಂಬಬೇಡಿ. ಮಗಳ ಜೊತೆ ಒಮ್ಮೆ ಆ ಆಸ್ಪತ್ರೆಗೆ ಹೋಗಿಬನ್ನಿ. ರಾತ್ರಿ ಪಾಳಿಯಲ್ಲಿ ಒಂದು ವಾರ್ಡಿಗೆ ಎಷ್ಟು ಮಂದಿ ನರ್ಸುಗಳು, ವಸತಿ ಹೇಗಿದೆ, ಭವಿಷ್ಯನಿಧಿ ಕಟ್ಟುತ್ತಾರೆಯೇ, ಇಷ್ಟು ವರ್ಷ ಇರಲೇಬೇಕೆಂದು ಬರೆಸಿಕೊಳ್ಳುತ್ತಾರೆಯೇ, ಮೂಲ ಪ್ರಮಾಣಪತ್ರಗಳನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿ. ‘ಸೇವೆ ಅಂದ ಮೇಲೆ ಇದನ್ನೆಲ್ಲ ಕೇಳುತ್ತೀರಾ?’ ಎಂದು ಯಾರಾದರೂ ಮುಖ ಸಿಂಡರಿಸಿದರೆ, ಆ ಒಂದೇ ಉತ್ತರ ಸಾಕು, ಮುಂದಿನ ಬಸ್ಸು ಹಿಡಿಯಿರಿ. ನಮ್ಮ ಸಂಸ್ಥೆಗಳಲ್ಲಿ ಕೆಲವರು ತಮ್ಮ ಅನುಕೂಲಕ್ಕೆ ‘ದೇವರ ಚಿತ್ತ’ ಎಂದು ಹೆಸರಿಡುವುದನ್ನು ಕಣ್ಣಾರೆ ಕಂಡಿದ್ದೇನೆ.

ಸಾಲದ ವಿಷಯ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದವನು ಯೇಸುವೇ. ತಾಯಿ ಮಗಳು ಇಬ್ಬರೂ ಕಾಗದ ಪೆನ್ನು ಹಿಡಿದು ಕೂರಿ. ಕಂತು ಎಷ್ಟು, ಆ ಸಂಬಳದಲ್ಲಿ ಕಟ್ಟಲಾಗುತ್ತದೆಯೇ? ಆಗದಿದ್ದರೆ ಎರಡು ವರ್ಷ ಬೇರೆ ಕಡೆ ದುಡಿದು ಸಾಲ ತೀರಿಸಿ ಹೋಗುವುದು ಅವಿಶ್ವಾಸವೇನಲ್ಲ. ಆದರೆ ಸಾಲ ತೀರಿದ ಮೇಲೆ ಮನೆ, ಮನೆಯಾದ ಮೇಲೆ ಮದುವೆ ಎಂದು ನೀವು ಪಟ್ಟಿಯನ್ನು ಉದ್ದ ಮಾಡುತ್ತಾ ಹೋದರೆ, ಅಲ್ಲಿಗೆ ಅದು ಸಾಲದ ಮಾತಾಗಿ ಉಳಿಯುವುದಿಲ್ಲ. ಮಗಳಿಗೆ ಅದು ನಿಮಗಿಂತ ಮೊದಲೇ ತಿಳಿಯುತ್ತದೆ.

ನಿಮ್ಮನ್ನು ತೂಗಿ ನೋಡುವ ಯೋಗ್ಯತೆ ನನಗಿಲ್ಲ. ಒಮ್ಮೆ ನನಗೆ ದೂರದ ಊರಿಗೆ ವರ್ಗಾವಣೆಯ ಪತ್ರ ಬಂತು. ಆ ಭಾನುವಾರ, ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆ ಹೊರಟ ಅಬ್ರಹಾಮನ ಮೇಲೆ ಪ್ರಸಂಗ ಮಾಡಿದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವರ್ಗಾವಣೆ ರದ್ದುಪಡಿಸಿ ಎಂಬ ಅರ್ಜಿ ಹಿಡಿದು ಬಿಷಪರ ಸಭಾಪ್ರಾಂತದ ಕಚೇರಿಯ ಮುಂದೆ ನಿಂತಿದ್ದೆ. ಮಗನ ಶಾಲೆ ಎಂದು ಕಾರಣ ಬರೆದಿದ್ದೆ. ನಿಜವಾದ ಕಾರಣ, ಆ ಊರಿನಲ್ಲಿ ನನ್ನ ಮಾತು ನಡೆಯುತ್ತಿತ್ತು. ಅರ್ಜಿ ತಿರಸ್ಕೃತವಾಯಿತು. ಹೋದೆ. ಮೊದಲ ವರ್ಷ ಕಷ್ಟವಾಯಿತು, ಎರಡನೆಯ ವರ್ಷವೂ ಅಷ್ಟೇ.

ಜರ್ಮನ್ ತರಗತಿಯ ಹಣ ವಾಪಸು ಬರಲಾರದು. ಅವಳು ಕಲಿತು ಮುಗಿಸಲಿ ಬಿಡಿ, ಭಾಷೆ ಕೊಳೆಯುವ ಪದಾರ್ಥವಲ್ಲ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಭಾನುವಾರದ ಆರಾಧನೆಯನ್ನು ಮನೆಯಲ್ಲೇ ಮೊಬೈಲಿನಲ್ಲಿ ನೋಡುತ್ತೇವೆ. ಟ್ರಾಫಿಕ್ ಕಾಟವಿಲ್ಲ, ಸಮಯ ಉಳಿಯುತ್ತದೆ. ದೇವರು ಎಲ್ಲೆಡೆ ಇದ್ದಾನಲ್ಲ, ತಪ್ಪೇನು?

ಉತ್ತರ: ಹಾಸಿಗೆ ಹಿಡಿದವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಅದು ದೊಡ್ಡ ಉಪಕಾರ. ನೀವು ಅವರ ಸಾಲಿಗೆ ಸೇರುವುದಿಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಬೈಬಲಿನಲ್ಲಿ, ಬಲಿಪೀಠ ಕಟ್ಟಲು ಜಾಗ ಕೇಳಿದ ಅರಸ ದಾವೀದನಿಗೆ ಅರೌನನೆಂಬವನು ತನ್ನ ಕಣವನ್ನೂ ಎತ್ತುಗಳನ್ನೂ ಬಿಟ್ಟಿಯಾಗಿ ಕೊಡಲು ಬಂದಾಗ ದಾವೀದ ಒಪ್ಪಲಿಲ್ಲ. ನನಗೆ ಏನೂ ಖರ್ಚಾಗದ್ದನ್ನು ದೇವರಿಗೆ ಅರ್ಪಿಸಲಾರೆ ಎಂದು 50 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಮೊಬೈಲಿನಲ್ಲಿ ಪ್ರಸಂಗ ಬೇಸರವಾದರೆ ಬೆರಳಿನಿಂದ ಮುಂದಕ್ಕೆ ಓಡಿಸುತ್ತೀರಿ. ಬೆಂಚಿನ ಮೇಲೆ ಅದು ಆಗದು, ಪಕ್ಕದಲ್ಲಿ ಶ್ರುತಿ ತಪ್ಪಿ ಹಾಡುವವರನ್ನೂ ಸಹಿಸಿಕೊಳ್ಳಬೇಕು. ಈ ಭಾನುವಾರ ಬನ್ನಿ. ಹಿಂದಿನ ಬೆಂಚುಗಳು ಬೇಗ ತುಂಬುತ್ತವೆ, ತಡವಾದರೆ ಎಲ್ಲರ ಕಣ್ಣೆದುರು ಮುಂದಿನ ಸಾಲಿಗೆ ನಡೆದು ಬರಬೇಕಾದೀತು.